ಗೇಮ್ ವಿಮರ್ಶೆ ಬರೆಯುವವರು ವೈಜ್ಞಾನಿಕ ಕಾದಂಬರಿ ಬರೆಯಬಹುದಾ? ಮಲೆನಾಡಿನವರು ಮಾತಾಡೋಣ ಬನ್ನಿ

ಹೊಸನಗರ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ವಿಡಿಯೋ ಗೇಮ್‌ಗಳ ಬಗ್ಗೆ ಬರೆದು ಬದುಕುವವನು. ಕಾಯಂ ಕೆಲಸ ಅಲ್ಲ, ಒಂದು ಲೇಖನಕ್ಕೆ ಇಷ್ಟು ಅಂತ ದುಡ್ಡು ಬರುತ್ತದೆ. ಹೆಚ್ಚಿನದೆಲ್ಲ ಇಂಗ್ಲಿಷಿನಲ್ಲಿ. ಈಗ ಕನ್ನಡದಲ್ಲಿ ಒಂದು ವೈಜ್ಞಾನಿಕ ಕಾದಂಬರಿ ಬರೆಯಲು ಹೊರಟಿದ್ದೇನೆ. ಈ ದಾರಿಯಲ್ಲಿ ಮೊದಲು ಯಾರು ಹೋದರು, ಹೇಗೆ ಹೋದರು ಅಂತ ಹುಡುಕಿ ಓದುತ್ತಿದ್ದೆ. ಅದನ್ನು ಹಂಚಿಕೊಂಡು ನಿಮ್ಮ ಅಭಿಪ್ರಾಯ ಕೇಳೋಣ ಅಂತ ಬಂದೆ.

ಇಂಗ್ಲೆಂಡಿನ ಗ್ಯಾರಿ ವಿಟ್ಟಾ ಅವರನ್ನೇ ನೋಡಿ. ಏಸ್ ಅನ್ನುವ ಕಂಪ್ಯೂಟರ್ ಆಟಗಳ ಪತ್ರಿಕೆಯಲ್ಲಿ ಬರೆಯುತ್ತಿದ್ದರು. ಆಮೇಲೆ ಪಿಸಿ ಗೇಮರ್ ಪತ್ರಿಕೆಗೆ ಹೋದರು, ಅದರ ಅಮೆರಿಕನ್ ಆವೃತ್ತಿಗೆ ಪ್ರಧಾನ ಸಂಪಾದಕರೂ ಆದರು. ಅಲ್ಲಿಂದ ಚಿತ್ರಕಥೆ ಕಡೆ ತಿರುಗಿದರು. ಲೋಕ ಹಾಳಾದ ಮೇಲೆ ಒಬ್ಬ ಮನುಷ್ಯ ಒಂದು ಪುಸ್ತಕ ಹೊತ್ತು ನಡೆಯುತ್ತಾ ಹೋಗುವ ಸಿನಿಮಾ 2010 ರಲ್ಲಿ ಬಂತಲ್ಲ, ಡೆನ್ಜೆಲ್ ವಾಷಿಂಗ್ಟನ್ ಮಾಡಿದ್ದು, ಅದನ್ನು ಬರೆದದ್ದು ಇವರೇ. 2016 ರ ಸ್ಟಾರ್ ವಾರ್ಸ್ ಚಿತ್ರ ‘ರೋಗ್ ಒನ್’ನ ಕಥೆಯಲ್ಲಿ ಜಾನ್ ನೋಲ್ ಜೊತೆ ಇವರ ಹೆಸರಿದೆ. 2015 ರಲ್ಲಿ ಒಂದು ಕಾದಂಬರಿಯನ್ನೂ ತಂದರು. ಅದು ಓದುಗರಿಂದ ಮೊದಲೇ ಹಣ ಸೇರಿಸಿ ಅಚ್ಚು ಹಾಕುವ ಪ್ರಕಾಶನದಿಂದ ಬಂದ ಪುಸ್ತಕ.

ಇನ್ನೊಬ್ಬರು ನೇಟ್ ಕ್ರೌಲಿ. ರಾಕ್ ಪೇಪರ್ ಶಾಟ್‌ಗನ್ ಅನ್ನುವ ಗೇಮ್ ವೆಬ್‌ಸೈಟಿನಲ್ಲಿ ಬರೆದವರು. ಗೇಮ್ ಬರಹ, ಕಾದಂಬರಿ ಎರಡನ್ನೂ ಜೊತೆಜೊತೆಯಲ್ಲೇ ಸಾಕಿಕೊಂಡು ಬಂದಿದ್ದಾರೆ. ಮೇಜಿನ ಮೇಲೆ ಆಡುವ ಯುದ್ಧದ ಆಟ ‘ವಾರ್‌ಹ್ಯಾಮರ್ 40,000’ ಇದೆಯಲ್ಲ, ಅದರ ಲೋಕದ ಕಾದಂಬರಿಗಳನ್ನು ಬರೆದಿದ್ದಾರೆ, ತಮ್ಮದೇ ಕಲ್ಪನೆಯ ಲೋಕದ್ದನ್ನೂ ಬರೆದಿದ್ದಾರೆ.

ನನ್ನ ನಂಬಿಕೆ ಏನು ಅಂದರೆ, ಗೇಮ್ ವಿಮರ್ಶೆ ಬರೆಯುವವರಿಗೆ ಒಂದು ಕಣ್ಣು ತಾನಾಗಿಯೇ ಬೆಳೆಯುತ್ತದೆ. ಸಿನಿಮಾ ವಿಮರ್ಶಕ ಕತೆ ಏನು, ನಟನೆ ಹೇಗಿದೆ ಅಂತ ಕೇಳುತ್ತಾನೆ. ನಾವು ಮೊದಲು ಕೇಳುವುದು ಬೇರೆ. ಈ ಲೋಕದ ನಿಯಮ ಏನು? ಇಲ್ಲಿ ನಾನು ಏನು ಮಾಡಬಹುದು? ಮಾಡಿದರೆ ಏನಾಗುತ್ತದೆ? ಯಾವುದಕ್ಕೆ ಬೆಲೆ ಕೊಡಬೇಕು? ಹೊಸ ಗೇಮ್ ಬಂದಾಗಲೆಲ್ಲ ಒಂದು ಹೊಸ ಲೋಕಕ್ಕೆ ಹೋಗಿ, ಅದರ ಕಾನೂನು ಕಲಿತು, ಆಡದವರಿಗೂ ಅರ್ಥವಾಗುವ ಹಾಗೆ ಗಡುವಿನೊಳಗೆ ಬರೆದು ಕೊಡಬೇಕು. ವೈಜ್ಞಾನಿಕ ಕಾದಂಬರಿಗೆ ಬೇಕಾದ ಅರ್ಧ ಕಸುಬು ಇದೇ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಉಳಿದರ್ಧ ಯಾವುದು? ಅದನ್ನು ಎಲ್ಲಿ ಕಲಿಯಬೇಕು? ಹೇಳಿ.

ತುಂಗಾ_ದಂಡೆ

ತಮ್ಮಾ, ಪ್ರಶ್ನೆ ಚೆನ್ನಾಗಿದೆ. ಶಿವಮೊಗ್ಗದಲ್ಲೇ ಪತ್ರಿಕೆಯ ಡೆಸ್ಕಿನಲ್ಲಿ ಕೂತು ನಿವೃತ್ತನಾದವನು ನಾನು. ಗೇಮ್ ಆಡಿದವನಲ್ಲ, ಆದರೆ ಪತ್ರಕರ್ತರು ಕಾದಂಬರಿ ಬರೆಯಲು ಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ನಿನ್ನ ಮಾತಿಗೆ ನನ್ನ ತಕರಾರು ಇದೆ.

ನೀನು ಕೊಟ್ಟ ಉದಾಹರಣೆಯನ್ನೇ ಮತ್ತೆ ನೋಡು. ವಿಟ್ಟಾ ಹೆಸರು ಮಾಡಿದ್ದು ಸಿನಿಮಾದಲ್ಲಿ. ನಿನ್ನ ಪೋಸ್ಟ್ ಓದಿದ ಮೇಲೆ ಮಗಳ ಹತ್ತಿರ ಕೇಳಿದೆ, ಅವಳು ಇನ್ನೂ ಹೆಸರು ಹೇಳಿದಳು. ‘ಬ್ಲ್ಯಾಕ್ ಮಿರರ್’ ಮಾಡಿದ ಚಾರ್ಲಿ ಬ್ರೂಕರ್ 1990 ರ ದಶಕದಲ್ಲಿ ಪಿಸಿ ಜೋನ್ ಪತ್ರಿಕೆಗೆ ಗೇಮ್ ವಿಮರ್ಶೆ ಬರೆಯುತ್ತಿದ್ದರಂತೆ. ಅವರು ಹೋಗಿದ್ದು ಟಿವಿಗೆ. ಅದೇ ಪತ್ರಿಕೆಯಲ್ಲಿ ಬರೆದ ರಿಯಾನಾ ಪ್ರಾಚೆಟ್ ಗೇಮ್‌ಗಳಿಗೇ ಕತೆ ಬರೆಯುವವರಾದರು. 2013 ರ ‘ಟೂಂಬ್ ರೈಡರ್’ ಅವರ ಕೈಯದ್ದು. ಪಿಸಿ ಗೇಮರ್‌ನಲ್ಲಿದ್ದ ಕೀರನ್ ಗಿಲನ್ ಕಾಮಿಕ್ಸ್ ಕಡೆ ಹೋದರು. ಎಲ್ಲರೂ ಕತೆಗಾರರೇ, ಒಪ್ಪುತ್ತೇನೆ. ಆದರೆ ಗದ್ಯದ ಕಾದಂಬರಿಯನ್ನೇ ತಮ್ಮ ಮುಖ್ಯ ಕೆಲಸ ಮಾಡಿಕೊಂಡವರು ಈ ಪಟ್ಟಿಯಲ್ಲಿ ಕಡಿಮೆ.

ಯಾಕೆ ಅಂತ ಯೋಚಿಸು. ಸಿನಿಮಾ, ಟಿವಿ, ಕಾಮಿಕ್ಸ್ ಎಲ್ಲ ನಾಲ್ಕು ಜನ ಸೇರಿ ಮಾಡುವ ಕೆಲಸ. ಗಡುವು ಇರುತ್ತದೆ, ಇಷ್ಟೇ ಪುಟ, ಇಷ್ಟೇ ನಿಮಿಷ ಅನ್ನುವ ಕಟ್ಟು ಇರುತ್ತದೆ. ಡೆಸ್ಕಿನಲ್ಲಿ ಪಳಗಿದವರಿಗೆ ಅದು ಹಿತ. ಕಾದಂಬರಿಯಲ್ಲಿ ಯಾರೂ ಫೋನ್ ಮಾಡಿ ‘ಕಾಪಿ ಎಲ್ಲಿ’ ಅಂತ ಕೇಳುವುದಿಲ್ಲ. ಅದು ಒಂದು ಕಷ್ಟ. ಇನ್ನೊಂದು ಕಷ್ಟ ಅದಕ್ಕಿಂತ ದೊಡ್ಡದು. ವಿಮರ್ಶಕನಿಗೆ ತೀರ್ಪು ಕೊಡುವ ಚಟ ಇರುತ್ತದೆ. ಪಾತ್ರ ಬಾಗಿಲು ದಾಟಿ ಒಳಗೆ ಬರುವ ಮೊದಲೇ ಅದು ಒಳ್ಳೆಯದಾ ಕೆಟ್ಟದ್ದಾ ಅಂತ ಹೇಳಿಬಿಡುತ್ತಾನೆ. ಅದನ್ನು ಬಿಡಿಸಿಕೊಳ್ಳಲು ಕೆಲವರಿಗೆ ಆಯುಷ್ಯವೇ ಸಾಕಾಗಿಲ್ಲ.

ಪಿಕ್ಸೆಲ್_ಪುಟ್ಟ

ನಾನು ಕೊಪ್ಪದವನು. ಬೆಂಗಳೂರಿನಲ್ಲಿ ಗೇಮ್ ಟೆಸ್ಟಿಂಗ್ ಕೆಲಸ. ಸರ್ ಹೇಳಿದ್ದರಲ್ಲಿ ಮೊದಲ ಭಾಗ ಸರಿ. ಆದರೆ ಅವರೆಲ್ಲ ಯಾಕೆ ಬೇರೆ ಕಡೆ ಹೋದರು ಅನ್ನುವುದಕ್ಕೆ ಹೊಟ್ಟೆಪಾಡಿನ ಕಾರಣವೂ ಇದೆ. ಗೇಮ್ ಪತ್ರಿಕೆಗಳು ಒಂದೊಂದಾಗಿ ಮುಚ್ಚುತ್ತಾ ಬಂದವು. ಪಿಸಿ ಜೋನ್ 2010 ರಲ್ಲಿ ನಿಂತಿತು. ಅಮೆರಿಕದ ಗೇಮ್ ಇನ್‌ಫಾರ್ಮರ್ 1991 ರಿಂದ ಬರುತ್ತಿತ್ತು, 2024 ರ ಆಗಸ್ಟ್‌ನಲ್ಲಿ ಒಂದೇ ದಿನದಲ್ಲಿ ಬಾಗಿಲು ಹಾಕಿದರು. ಮರುವರ್ಷ ಬೇರೆಯವರು ಕೊಂಡು ಮತ್ತೆ ಶುರು ಮಾಡಿದರು, ಅದು ಬೇರೆ ಮಾತು. ಈ ಕಸುಬಿನಲ್ಲಿ ತಲೆ ಬೆಳ್ಳಗಾಗುವವರೆಗೂ ಉಳಿದವರು ಬಹಳ ಕಡಿಮೆ.

ಹಾಗೇ ಎದುರು ದಿಕ್ಕಿನಿಂದ ಬಂದವರನ್ನೂ ನೋಡಬೇಕು. ಮಾರ್ಕ್ ಲೇಡ್ಲಾ ಮೊದಲು ವೈಜ್ಞಾನಿಕ ಕಾದಂಬರಿ ಬರೆಯುತ್ತಿದ್ದರು. 1996 ರಲ್ಲಿ ವೈರ್ಡ್ ಪತ್ರಿಕೆಗೆ ಐಡಿ ಸಾಫ್ಟ್‌ವೇರ್ ಅನ್ನುವ ಗೇಮ್ ಕಂಪನಿ ಬಗ್ಗೆ ದೊಡ್ಡ ಲೇಖನ ಬರೆದರು. ಮರುವರ್ಷ ವಾಲ್ವ್ ಅನ್ನುವ ಇನ್ನೊಂದು ಗೇಮ್ ಕಂಪನಿ ಸೇರಿದರು. 1998 ರ ‘ಹಾಫ್-ಲೈಫ್’ ಕತೆ ಅವರದ್ದು. ಆ ಗೇಮ್‌ನಲ್ಲಿ ಕತೆ ಹೇಳಲು ಆಟ ನಿಲ್ಲುವುದೇ ಇಲ್ಲ. ಎಲ್ಲವನ್ನೂ ಆಟಗಾರನೇ ಕಣ್ಣಾರೆ ನೋಡುತ್ತಾ ಹೋಗುತ್ತಾನೆ. ಕಾದಂಬರಿಕಾರ ಹೋಗಿ ಗೇಮ್‌ಗೆ ಕಲಿಸಿದ ಪಾಠ ಅದು. ನೀನು ಅದೇ ಪಾಠವನ್ನು ವಾಪಸ್ ಕಾದಂಬರಿಗೆ ತರಬಹುದಲ್ವಾ?

ಇನ್ನೊಂದು ವಿಷಯ. ಪಿಸಿ ಗೇಮರ್, ಎಡ್ಜ್ ಥರದ ಗೇಮ್ ಪತ್ರಿಕೆಗಳೆಲ್ಲ ಹುಟ್ಟಿದ್ದು ಲಂಡನ್ನಿನಲ್ಲಿ ಅಲ್ಲ, ಬಾತ್ ಅನ್ನುವ ಊರಿನಲ್ಲಿ. ಅಲ್ಲಿನ ಜನಸಂಖ್ಯೆ ಒಂದು ಲಕ್ಷದೊಳಗೆ. ನಮ್ಮ ಶಿವಮೊಗ್ಗದಲ್ಲಿ 2011 ರ ಜನಗಣತಿಯಲ್ಲೇ 3 ಲಕ್ಷ 22 ಸಾವಿರ ಜನ ಇದ್ದರು. ಊರು ಸಣ್ಣದು, ನಮ್ಮಿಂದ ಏನಾಗುತ್ತದೆ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಅಡಿಕೆ_ಮತ್ತು_ಆಟ

ಮೊದಲು ಮನೆಯವರನ್ನು ಒಪ್ಪಿಸುವುದು ಹೇಗೆ ಅಂತ ಹೇಳಿ ಮಾರಾಯ್ರೆ! ನಮ್ಮ ಕಡೆ ಗೇಮ್ ಅಂದ ಕೂಡಲೇ ದುಡ್ಡು ಕಟ್ಟಿ ಆಡುವ ರಮ್ಮಿ ಅಂದುಕೊಳ್ಳುತ್ತಾರೆ. 2025 ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಅಂಥ ಹಣದ ಆಟಗಳನ್ನು ನಿಷೇಧಿಸುವ ಕಾನೂನು ಪಾಸಾಯಿತಲ್ಲ, ಆವತ್ತು ಅಪ್ಪ ‘ನಿನ್ನ ಕೆಲಸವೂ ಹೋಯ್ತಾ’ ಅಂತ ಕೇಳಿದರು. ನಾನು ಹವ್ಯಾಸಕ್ಕೆ ಗೇಮ್ ವಿಡಿಯೋ ಮಾಡುವವನು, ತೋಟದ ಕೆಲಸ ಮುಗಿಸಿ ರಾತ್ರಿ ಕೂರುತ್ತೇನೆ. ಕತೆ ಇರುವ ಗೇಮ್ ಬೇರೆ, ಜೂಜು ಬೇರೆ ಅಂತ ಊರಿನವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ಬರಹವೇ ಇಲ್ಲ. ಕಾದಂಬರಿ ಬರಲಿ, ಸಂತೋಷ. ಆದರೆ ಗೇಮ್ ಬಗ್ಗೆ ಕನ್ನಡದಲ್ಲಿ ಬರೆಯುವುದನ್ನೂ ಶುರು ಮಾಡಿ. ಆ ಓದುಗರೇ ನಾಳೆ ನಿಮ್ಮ ಕಾದಂಬರಿ ಕೊಳ್ಳುವವರು.

ಓದುಗ_ತೀರ್ಥಹಳ್ಳಿ

ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿ ಅಂದರೆ ನೆಲವೇ ಇಲ್ಲ ಅನ್ನುವ ಹಾಗೆ ಮಾತು ಸಾಗುತ್ತಿದೆ, ಹಾಗಾಗಿ ಬರೆಯುತ್ತಿದ್ದೇನೆ. ರಾಜಶೇಖರ ಭೂಸನೂರಮಠ ಅವರು ಇದನ್ನೇ ಪಟ್ಟು ಹಿಡಿದು ಬರೆದರು. ಮನು ಅವರ ‘ಮಹಾಸಂಪರ್ಕ’ವನ್ನು ಹಳೆಯ ಓದುಗರು ಇವತ್ತಿಗೂ ಹುಡುಕುತ್ತಾರೆ. ಇವರನ್ನು ಓದದೆ ಹೊಸದಾಗಿ ಶುರು ಮಾಡುತ್ತೇನೆ ಅನ್ನುವುದು ಸರಿಯಲ್ಲ.

ಇನ್ನು ತೇಜಸ್ವಿ. 1938 ರಲ್ಲಿ ನಮ್ಮ ತಾಲ್ಲೂಕಿನಲ್ಲೇ ಹುಟ್ಟಿದವರು, ಮೂಡಿಗೆರೆಯಲ್ಲಿ ನೆಲೆಸಿದವರು. ‘ಕರ್ವಾಲೊ’ ಬಂದದ್ದು 1980 ರಲ್ಲಿ. ಅದು ವೈಜ್ಞಾನಿಕ ಕಾದಂಬರಿ ಹೌದಾ ಅಲ್ಲವಾ ಅಂತ ಜಗಳ ಆಡುವವರಿದ್ದಾರೆ. ನನ್ನ ಪ್ರಕಾರ ಹೌದು. ಅಲ್ಲಿ ರಾಕೆಟ್ ಇಲ್ಲ, ಹಾರುವ ಓತಿ ಇದೆ. ವಿಕಾಸದ ಕಾಲವನ್ನು ಒಂದು ಪ್ರಾಣಿಯಲ್ಲಿ ಹಿಡಿದು ನೋಡಲು ಹೊರಟವರ ಕತೆ ಅದು. ಎಲ್ಲಕ್ಕಿಂತ ಮುಖ್ಯವಾದದ್ದು ಮಂದಣ್ಣ. ಊರಿನವರಿಗೆ ಅವನು ಕೆಲಸಕ್ಕೆ ಬಾರದವನು. ಕರ್ವಾಲೊ ಅವರ ಕಣ್ಣಿಗೆ ಮಾತ್ರ ಅವನು ಹುಟ್ಟು ಪ್ರಕೃತಿ ವಿಜ್ಞಾನಿ. ವಿಜ್ಞಾನಿಯೇ ಅವನ ಹಿಂದೆ ಕಾಡಿಗೆ ನಡೆಯುತ್ತಾರೆ.

ಹೊಸನಗರದವರೇ, ನೀವು ಕೇಳಿದ ಉಳಿದರ್ಧ ಅಲ್ಲಿದೆ. ಲೋಕದ ನಿಯಮ ಬರೆಯುವುದು ನಿಮಗೆ ಬರುತ್ತದೆ. ಆ ನಿಯಮದ ಒಳಗೆ ಹುಟ್ಟಿ ಬೆಳೆದವನು ಹೇಗೆ ಮಾತಾಡುತ್ತಾನೆ, ಯಾವುದನ್ನು ಗಮನಿಸುತ್ತಾನೆ, ಯಾವುದನ್ನು ಗಮನಿಸುವುದೇ ಇಲ್ಲ ಅನ್ನುವುದನ್ನು ಗೇಮ್ ಕಲಿಸುವುದಿಲ್ಲ. ಯಾಕೆಂದರೆ ಗೇಮ್‌ನಲ್ಲಿ ಆಟಗಾರ ಯಾವಾಗಲೂ ಹೊರಗಿನಿಂದ ಬಂದವನು.

ಕೆಂಪುಮಣ್ಣು

ಕೊನೆಯ ವಾಕ್ಯಕ್ಕೆ ನೂರಕ್ಕೆ ನೂರು ಒಪ್ಪಿಗೆ. ನಾನು ಸಾಗರದ ಕಡೆಯವಳು, ನಾಟಕದ ಕೆಲಸ ಮಾಡುತ್ತೇನೆ. ಹೆಗ್ಗೋಡಿನ ನೀನಾಸಂ ಗಾಳಿಯಲ್ಲೇ ಬೆಳೆದದ್ದು.

ತಮ್ಮಾ, ನಿಯಮ ಅಂತ ನೀನು ಹೇಳುವುದನ್ನು ನಮ್ಮ ಊರಿನಲ್ಲೇ ಹುಡುಕು. ಒಂದು ಉದಾಹರಣೆ ಕೊಡುತ್ತೇನೆ. 1964 ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಕಣಿವೆಯ ಊರುಗಳು ಮುಳುಗಿದವು. ತುಮರಿ ಕಡೆಯವರು ಹಿನ್ನೀರಿನ ಆಚೆ ದ್ವೀಪದ ಹಾಗೆ ಉಳಿದರು. ಅಲ್ಲಿಂದ ಸಾಗರಕ್ಕೆ ಬರಬೇಕಾದರೆ ಅಂಬಾರಗೋಡ್ಲು–ಕಳಸವಳ್ಳಿ ಲಾಂಚ್ ಹತ್ತಬೇಕಿತ್ತು. ಕೊನೆಯ ಲಾಂಚ್ ಹೋದ ಮೇಲೆ ಮುಗಿಯಿತು. ಮದುವೆ ಇರಲಿ, ಹೆರಿಗೆ ನೋವಿರಲಿ, ಹಾವು ಕಚ್ಚಿರಲಿ. ಇದು ನಿಯಮ. ಗೇಮ್ ವಿಮರ್ಶಕ ಇಷ್ಟನ್ನು ಚೆನ್ನಾಗಿ ಬರೆಯುತ್ತಾನೆ.

ಆದರೆ ಆ ನಿಯಮದ ಒಳಗೆ ಎರಡು ಮೂರು ತಲೆಮಾರು ಬದುಕಿದವರು ಏನೇನು ಕಟ್ಟಿಕೊಂಡರು? ಹೆಣ್ಣು ಕೊಡುವಾಗ ಏನು ಕೇಳುತ್ತಿದ್ದರು? ತುಂಬು ಬಸುರಿಯನ್ನು ದಿನ ಹತ್ತಿರ ಬಂದಾಗ ಯಾರ ಮನೆಯಲ್ಲಿ ಇರಿಸುತ್ತಿದ್ದರು? ಕೊನೆಯ ಲಾಂಚ್ ತಪ್ಪಿದವನಿಗೆ ದಡದಲ್ಲಿ ಊಟ ಹಾಕಿದವರು ಯಾರು? ಕಾದಂಬರಿ ಅಲ್ಲಿ ಶುರುವಾಗುತ್ತದೆ. 2025 ರ ಜುಲೈನಲ್ಲಿ ಸೇತುವೆ ಬಂತು. ನಿಯಮ ಒಂದೇ ದಿನಕ್ಕೆ ಬದಲಾಯಿತು. ಜನರ ಮನಸ್ಸಿನೊಳಗಿನ ಗಡಿಯಾರ ಅಷ್ಟು ಬೇಗ ಬದಲಾಗುತ್ತದಾ? ಸಂಜೆಯಾದ ಕೂಡಲೇ ಅವಸರ ಪಡುವ ಅಜ್ಜಿ ಒಬ್ಬರು ಇದ್ದೇ ಇರುತ್ತಾರೆ. ಅವರ ಹತ್ತಿರ ಹೋಗಿ ಕೂತು ಮಾತಾಡಿಸು. ನಿನ್ನ ವೈಜ್ಞಾನಿಕ ಕಾದಂಬರಿಗೆ ಅದಕ್ಕಿಂತ ಒಳ್ಳೆಯ ತಯಾರಿ ಬೇರೆ ಇಲ್ಲ.

ಮೊದಲ_ಪಿಯುಸಿ_ಭದ್ರಾವತಿ

ನನಗೂ ಬರೆಯುವ ಆಸೆ ಇದೆ. ಪತ್ರಿಕೋದ್ಯಮ ಓದಬೇಕಾ, ಕಂಪ್ಯೂಟರ್ ಸೈನ್ಸ್ ಓದಬೇಕಾ? ಯಾವುದು ಓದಿದರೆ ಹೀಗೆ ಆಗಬಹುದು?

ಪಿಕ್ಸೆಲ್_ಪುಟ್ಟ

@ಮೊದಲ_ಪಿಯುಸಿ_ಭದ್ರಾವತಿ ಯಾವುದಾದರೂ ಓದು ಪುಟ್ಟಾ. ಆಂಡಿ ವೀರ್ ಪ್ರೋಗ್ರಾಮರ್ ಆಗಿದ್ದವರು, ಬ್ಲಿಝಾರ್ಡ್‌ನಲ್ಲಿ ‘ವಾರ್‌ಕ್ರಾಫ್ಟ್ 2’ ಗೇಮ್‌ಗೂ ಕೆಲಸ ಮಾಡಿದ್ದರು. ಮಂಗಳ ಗ್ರಹದಲ್ಲಿ ಒಬ್ಬನೇ ಸಿಕ್ಕಿಬಿದ್ದವನ ಕತೆಯನ್ನು ತಮ್ಮ ಸ್ವಂತ ವೆಬ್‌ಸೈಟಿನಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕುತ್ತಾ ಬಂದರು. ಓದುಗರೇ ಲೆಕ್ಕ ತಿದ್ದಿ ಕೊಡುತ್ತಿದ್ದರು. 2011 ರಲ್ಲಿ ತಾವೇ ಇ-ಪುಸ್ತಕ ಮಾಡಿದರು, 2014 ರಲ್ಲಿ ದೊಡ್ಡ ಪ್ರಕಾಶಕರು ಅಚ್ಚು ಹಾಕಿದರು, 2015 ರಲ್ಲಿ ಸಿನಿಮಾ ಬಂತು. ಚೀನಾದ ಲಿಯು ಸಿಶಿನ್ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದುಕೊಂಡೇ ಬರೆದವರು, 2015 ರಲ್ಲಿ ವೈಜ್ಞಾನಿಕ ಕತೆಗಳ ದೊಡ್ಡ ಪ್ರಶಸ್ತಿ ಹ್ಯೂಗೋ ಬಂತು. ಡಿಗ್ರಿ ಯಾವುದಾದರೂ ಆಗಲಿ, ವಾರ ವಾರ ಬರೆಯುವ ಅಭ್ಯಾಸ ಬಿಡಬೇಡ.

ಹೊಸನಗರ_ಹುಡುಗ

ಎಲ್ಲರ ಮಾತನ್ನೂ ನಿಧಾನಕ್ಕೆ ಎರಡೆರಡು ಸಲ ಓದಿದೆ. ತುಂಗಾ_ದಂಡೆ ಸರ್, ತೀರ್ಪು ಕೊಡುವ ಚಟದ ಬಗ್ಗೆ ನೀವು ಹೇಳಿದ್ದಕ್ಕೆ ಒಂದು ಉತ್ತರ ಇದೆ. ನೀವು ಹೆಸರಿಸಿದ ಕೀರನ್ ಗಿಲನ್ ಅವರೇ 2004 ರಲ್ಲಿ ಗೇಮ್ ಬರಹ ಹೇಗಿರಬೇಕು ಅಂತ ಒಂದು ಪ್ರಣಾಳಿಕೆ ಬರೆದರು. ಗ್ರಾಫಿಕ್ಸ್ ಹೇಗಿದೆ, ಎಷ್ಟು ಅಂಕ ಅಂತ ಬರೆಯುವುದು ಸಾಲದು. ಇಲ್ಲದ ಊರುಗಳಿಗೆ ಹೋಗಿ ಬಂದವನ ಪ್ರವಾಸ ಕಥನದ ಹಾಗೆ ಬರೆಯಬೇಕು, ಅಲ್ಲಿ ನಿನಗೆ ಏನಾಯಿತು ಅಂತ ಹೇಳಬೇಕು ಅನ್ನುವುದು ಅದರ ಸಾರ. ಆ ಕಾಲದಲ್ಲಿ ದೊಡ್ಡ ಚರ್ಚೆ ಎಬ್ಬಿಸಿದ ಬರಹ ಅದು. 2007 ರಲ್ಲಿ ಇನ್ನು ಮೂವರ ಜೊತೆ ಸೇರಿ ರಾಕ್ ಪೇಪರ್ ಶಾಟ್‌ಗನ್ ಶುರು ಮಾಡಿದ್ದೂ ಅವರೇ. ಅಂದರೆ ಎಲ್ಲ ಗೇಮ್ ಬರಹವೂ ತೀರ್ಪಿನ ಬರಹ ಅಲ್ಲ ಸರ್. ಪ್ರವಾಸ ಕಥನವನ್ನು ಇಷ್ಟು ಪ್ರೀತಿಸುವ ಕನ್ನಡದಲ್ಲಿ ಆ ಮಾರ್ಗ ಸುಲಭವಾಗಿ ಒಗ್ಗುತ್ತದೆ ಅಂತ ನನಗೆ ಭರವಸೆ ಇದೆ.

ಇನ್ನೊಂದು ಪ್ರಯೋಗ. ನೇಟ್ ಕ್ರೌಲಿ ಅಸ್ತಿತ್ವದಲ್ಲೇ ಇಲ್ಲದ ಗೇಮ್‌ಗಳನ್ನು ಕಲ್ಪಿಸಿ, ಅವು ನಿಜವಾಗಿ ಇವೆ ಅನ್ನುವ ಹಾಗೆ ಬರೆದು 2017 ರಲ್ಲಿ ಪುಸ್ತಕ ಮಾಡಿದರು. ಪೋಲೆಂಡಿನ ಸ್ತಾನಿಸ್ವಾವ್ ಲೆಮ್ 1971 ರಲ್ಲೇ ಇಲ್ಲದ ಪುಸ್ತಕಗಳ ವಿಮರ್ಶೆ ಬರೆದು ಪ್ರಕಟಿಸಿದ್ದರು. ವಿಮರ್ಶೆ ಬರೆಯುವ ಕೈಯನ್ನು ಕತೆ ಬರೆಯುವ ಕೈ ಮಾಡಲು ಇದು ಒಳ್ಳೆಯ ಮೆಟ್ಟಿಲು ಅನ್ನಿಸಿತು. ಹಾಗಾಗಿ ಇಲ್ಲದ ಒಂದು ಗೇಮ್‌ನ ವಿಮರ್ಶೆ ಬರೆದಿದ್ದೇನೆ. ನನ್ನ ಕಾದಂಬರಿಯ ಲೋಕ ಇದೇ. ಕೆಳಗಿದೆ, ಓದಿ.

*‘ಇಳಿನೀರು’: ಗೇಮ್ ವಿಮರ್ಶೆ*

*ವರ್ಷ 2090. ಶರಾವತಿ ಹಿನ್ನೀರು ಈಗ ಒಂದು ದೊಡ್ಡ ಬ್ಯಾಟರಿ. ಹಗಲು ಬಿಸಿಲಿನ ಕರೆಂಟಿನಿಂದ ನೀರನ್ನು ಮೇಲಕ್ಕೆ ಏರಿಸುತ್ತಾರೆ. ರಾತ್ರಿ ಬೆಂಗಳೂರಿಗೆ ಕರೆಂಟ್ ಬೇಕಾದಾಗ ಇಳಿಸುತ್ತಾರೆ. ನೀರು ಇಳಿದಷ್ಟು ಹೊತ್ತು ಮುಳುಗಿದ ಊರು ಮೇಲೆ ಬರುತ್ತದೆ. ನೀವು ಆ ಊರಿನವರ ಮರಿಮಗಳು. ಕೈಯಲ್ಲಿ ಒಂದು ಟಾರ್ಚು, ಅಜ್ಜಿ ಬಾಯಲ್ಲಿ ಹೇಳಿದ ಮನೆಗಳ ಗುರುತು. ಇಷ್ಟೇ. ದಡದಿಂದ ಕೆಸರಿನಲ್ಲಿ ಇಳಿದು ನಿಮ್ಮ ಮನೆ ಹುಡುಕಬೇಕು.*

*ಎಷ್ಟು ಹೊತ್ತು ಸಿಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಬೆಂಗಳೂರಿನಲ್ಲಿ ಸೆಕೆ ಜಾಸ್ತಿಯಾದ ರಾತ್ರಿ ನೀರು ಬಹಳ ಇಳಿಯುತ್ತದೆ, ನೀವು ದೇವಸ್ಥಾನದ ಕಟ್ಟೆಯವರೆಗೂ ಹೋಗಬಹುದು. ಅಲ್ಲಿ ಮಳೆ ಬಂದು ತಂಪಾದರೆ ಗದ್ದೆಯ ಅಂಚಿಗೇ ನಿಲ್ಲಬೇಕು. ಯಾರೋ ದೂರದಲ್ಲಿ ಏಸಿ ಆರಿಸಿದರೆ ನಿಮ್ಮ ಕಾಲ ಬುಡಕ್ಕೆ ನೀರು ಬರುತ್ತದೆ. ಆಟದಲ್ಲಿ ಶತ್ರು ಅಂತ ಯಾರೂ ಇಲ್ಲ. ಅವರಿಗೆ ನೀವು ಅಲ್ಲಿದ್ದೀರಿ ಅನ್ನುವುದೇ ಗೊತ್ತಿಲ್ಲ. ನನ್ನನ್ನು ಕಾಡಿದ್ದು ಅದೇ.*

*ಒಂದು ರಾತ್ರಿ ಮನೆಯ ಹೊಸ್ತಿಲು ಸಿಕ್ಕಿತು. ಮುಂದೆ ಏನು ಮಾಡಬೇಕು ಅಂತ ಆಟ ಹೇಳುವುದಿಲ್ಲ. ಒಳಗೆ ಹೋಗುವುದಾ, ಒಂದು ಹೆಂಚು ಎತ್ತಿಕೊಂಡು ಓಡುವುದಾ, ಪಕ್ಕದ ಮನೆಯವರ ಹೊಸ್ತಿಲು ಯಾವುದು ಅಂತ ಗುರುತು ಹಾಕಿಕೊಂಡು ಅವರ ಮೊಮ್ಮಕ್ಕಳಿಗೆ ತಿಳಿಸುವುದಾ? ಮೂರರಲ್ಲಿ ಒಂದಕ್ಕೆ ಮಾತ್ರ ಸಮಯ ಇದೆ.*

ತುಂಗಾ_ದಂಡೆ

ಓದಿದೆ. ಮೂರನೇ ಪ್ಯಾರಾ ಚೆನ್ನಾಗಿದೆ. ಪಕ್ಕದ ಮನೆಯವರ ಹೊಸ್ತಿಲು ಬಂದ ಕೂಡಲೇ ಅದು ಕತೆಯಾಯಿತು. ‘ನನ್ನನ್ನು ಕಾಡಿದ್ದು ಅದೇ’ ಅನ್ನುವುದನ್ನು ಕಿತ್ತು ಹಾಕು. ಓದುವವನನ್ನು ಕಾಡುತ್ತದೋ ಇಲ್ಲವೋ ಅವನು ನೋಡಿಕೊಳ್ಳುತ್ತಾನೆ. ಇದೇ ನಾನು ಹೇಳಿದ ಚಟ.

ಜೋಗದ_ತಂತಿ

ವಿದ್ಯುತ್ ಕ್ಷೇತ್ರದಲ್ಲಿ ಕೆಲಸ ಮಾಡಿದವನಾಗಿ ಒಂದು ಮಾತು. ನಿಯಮ ಬಹಳ ಒಳ್ಳೆಯದು, ಮನಸ್ಸಿಗೆ ಹಿಡಿಸಿತು. ಆದರೆ ಲಿಂಗನಮಕ್ಕಿ ಬಹಳ ದೊಡ್ಡದು. 150 ಟಿಎಂಸಿಗೂ ಜಾಸ್ತಿ ನೀರು ಹಿಡಿಯುತ್ತದೆ, ಪೂರ್ಣ ಮಟ್ಟ 1819 ಅಡಿ. ಅಷ್ಟು ಅಗಲದ ನೀರು ಒಂದು ರಾತ್ರಿಯಲ್ಲಿ ಊರು ಕಾಣುವಷ್ಟು ಇಳಿಯುವುದಿಲ್ಲ. ಈಗ ಮಾತು ನಡೆಯುತ್ತಿರುವ 2000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆ ಏರಿಸಿಟ್ಟು, ಬೇಕಾದಾಗ ಇಳಿಸಿ ಕರೆಂಟ್ ಮಾಡುವ) ಯೋಜನೆಯೂ ಲಿಂಗನಮಕ್ಕಿಯಲ್ಲಿ ಅಲ್ಲ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ, ಈ ಎರಡರ ನಡುವೆ. ಪಂಪ್ಡ್ ಸ್ಟೋರೇಜ್‌ನಲ್ಲಿ ದಿನವೂ ಏರಿ ಇಳಿಯುವುದು ಸಣ್ಣ ಜಲಾಶಯ.

ಹಾಗಂತ ಐಡಿಯಾ ಬಿಡಬೇಡಿ. ಎರಡು ದಾರಿ ಇದೆ. ನಿಮ್ಮ 2090 ರಲ್ಲಿ ಹೊಸದಾಗಿ ಕಟ್ಟಿದ ಒಂದು ಸಣ್ಣ ಜಲಾಶಯ ಇರಲಿ, ಅದರಡಿ ಒಂದೇ ಒಂದು ಊರು ಮುಳುಗಿರಲಿ. ಅಥವಾ ರಾತ್ರಿ ಬದಲು ವರ್ಷಗಳ ಲೆಕ್ಕಕ್ಕೆ ಹೋಗಿ. ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿ ನೀರಿನಡಿ ಇದೆಯಲ್ಲ. ಮಳೆ ಕೈಕೊಟ್ಟು ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಎದ್ದು ಕಾಣುತ್ತದೆ, ನೀರು ಹೊರಬಿಡುವ ಸೈಫನ್‌ಗಳ ಸಮೇತ. ಒಂದು ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿದ ಜಾಗ ಅದು.

ಕ್ಯಾಸನೂರು_ಕಡೆಯವಳು

ನಾನು ಸೊರಬ ತಾಲ್ಲೂಕಿನಲ್ಲಿ ಹೈಸ್ಕೂಲ್ ಮೇಡಂ. ವಿಮರ್ಶೆ ಓದಿ ನಿಜವಾಗಿ ಖುಷಿಯಾಯಿತು. ಒಂದು ವಿಷಯ ನೆನಪಿಸುತ್ತೇನೆ. ನೀರು ಇಳಿದ ಜಾಗದ ಪಕ್ಕದಲ್ಲಿ ಕಾಡು ಇರುತ್ತದೆ, ಕಾಡಿನಲ್ಲಿ ಉಣುಗು ಇರುತ್ತದೆ. 1957 ರಲ್ಲಿ ನಮ್ಮ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಹಿಂದೆಯೇ ಜನರಿಗೆ ಜ್ವರ ಬಂತು. ವಿಜ್ಞಾನಿಗಳು ಮೊದಲು ಹಳದಿ ಜ್ವರ ಇರಬಹುದಾ ಅಂತ ಹೆದರಿದ್ದರು. ಹುಡುಕಿದಾಗ ಸಿಕ್ಕಿದ್ದು ಉಣುಗು ಕಚ್ಚಿ ಹರಡುವ ಹೊಸ ವೈರಸ್. ಮಂಗನ ಕಾಯಿಲೆ ಅನ್ನುತ್ತೇವಲ್ಲ, ಅದೇ. ಲೋಕದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇವತ್ತು ಆ ರೋಗಕ್ಕೆ ನಮ್ಮ ಕಾಡಿನ ಹೆಸರೇ ಇದೆ. ಸಾಗರದ ಅರಳಗೋಡಿನಲ್ಲಿ 2019 ರಲ್ಲಿ ಆದ ಸಾವುಗಳು ನಿಮಗೆಲ್ಲ ನೆನಪಿರಬೇಕು.

ಮಂಗ ಸತ್ತಿದೆ ಅಂದರೆ ಆ ಕಡೆ ಸೌದೆಗೆ, ಸೊಪ್ಪಿಗೆ ಹೋಗಬೇಡಿ ಅಂತ ಊರಿನಲ್ಲಿ ಸುದ್ದಿ ಮುಟ್ಟಿಸುತ್ತಾರೆ. ಹೋಗಲೇಬೇಕಾದವರು ಉಣುಗು ಹತ್ತದ ಹಾಗೆ ಮೈಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಹೆಚ್ಚು ಕಾಟ ಡಿಸೆಂಬರ್‌ನಿಂದ ಮೇ ತನಕ. ನಿಮ್ಮ ಮರಿಮಗಳು ಸೆಕೆಗಾಲದಲ್ಲೇ ಇಳಿಯುತ್ತಾಳೆ ಅಲ್ವಾ? ನೀರು ಚೆನ್ನಾಗಿ ಇಳಿಯುವ ತಿಂಗಳು, ಉಣುಗು ಹೆಚ್ಚಿರುವ ತಿಂಗಳು, ಎರಡೂ ಒಂದೇ. ಅವಳಿಗೆ ದಡದಲ್ಲಿ ಯಾರಾದರೂ ಎಣ್ಣೆ ಹಚ್ಚಿ ಕಳಿಸಬೇಕು. ಆ ‘ಯಾರಾದರೂ’ ನಿಮ್ಮ ಕಾದಂಬರಿಯ ದೊಡ್ಡ ಪಾತ್ರ ಆಗಬಹುದು.

ಕೆಂಪುಮಣ್ಣು

ಅಕ್ಕಾ, ಎಂಥ ಮಾತು ಹೇಳಿದಿರಿ! ಅದು ಅವಳ ದೊಡ್ಡಮ್ಮ ಆಗಲಿ. ಮುಳುಗಿದ ಊರನ್ನು ನೋಡಲು ಒಲ್ಲೆ ಅಂತ ದಡದಲ್ಲೇ ಉಳಿಯುವವಳು. ಎಣ್ಣೆ ಹಚ್ಚುತ್ತಾಳೆ, ಬುತ್ತಿ ಕಟ್ಟುತ್ತಾಳೆ, ಆದರೆ ಒಂದು ಸಲವೂ ಇಳಿಯುವುದಿಲ್ಲ. ಯಾಕೆ ಅನ್ನುವುದನ್ನು ಓದುಗರಿಗೆ ಬೇಗ ಹೇಳಬೇಡ ತಮ್ಮಾ.

ಓದುಗ_ತೀರ್ಥಹಳ್ಳಿ

ಪ್ರಕಟಣೆಯ ಮಾತನ್ನೂ ಆಡಿಬಿಡೋಣ, ಇಲ್ಲದಿದ್ದರೆ ಹುಡುಗ ಆಮೇಲೆ ಕಂಗಾಲಾಗುತ್ತಾನೆ. ಕನ್ನಡದಲ್ಲಿ ಹೊಸಬರ ಕಾದಂಬರಿ ಸಾಮಾನ್ಯವಾಗಿ ಐನೂರು, ಸಾವಿರ ಪ್ರತಿ ಅಚ್ಚಾಗುತ್ತದೆ. ರಾಯಧನದಲ್ಲಿ ಸಂಸಾರ ನಡೆಯುವುದಿಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ನೆಚ್ಚಿಕೊಂಡು ಲೆಕ್ಕ ಹಾಕಬೇಡಿ. ಮೈಲ್ಯಾಂಗ್‌ನಂಥ ಕಡೆ ಇ-ಪುಸ್ತಕ, ಆಡಿಯೋ ಪುಸ್ತಕಕ್ಕೆ ಜಾಗ ಇದೆ. ಪ್ರತಿಲಿಪಿಯಲ್ಲಿ ಧಾರಾವಾಹಿಯಾಗಿ ಹಾಕುವವರೂ ಇದ್ದಾರೆ. ನನ್ನ ಸಲಹೆ, ಮೊದಲು ಇದೇ ಲೋಕದ ಒಂದು ಸಣ್ಣಕತೆ ಬರೆದು ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳಿಸಿ. ಓದುಗರ ಕಿವಿಗೆ ಹೆಸರು ಬಿದ್ದಿರಲಿ.

ಮತ್ತೆ ವಾರ್‌ಹ್ಯಾಮರ್ ಥರದ ದೊಡ್ಡ ಕಂಪನಿಯ ಲೋಕದಲ್ಲಿ ಬರೆಯುವ ಅವಕಾಶ ಬಂದರೆ ಒಂದು ವಿಷಯ ತಿಳಿದಿರಿ. ಅಂಥ ಕಾದಂಬರಿಗಳಲ್ಲಿ ಲೋಕ, ಪಾತ್ರ ಎಲ್ಲ ಕಂಪನಿಯ ಸೊತ್ತು. ದುಡ್ಡು ಬರುತ್ತದೆ, ಸಿದ್ಧ ಓದುಗರು ಸಿಗುತ್ತಾರೆ, ಗಡುವಿಗೆ ಬರೆಯುವ ಕಸುಬು ಪಳಗುತ್ತದೆ. ಹಾಗಾಗಿ ಅದನ್ನು ಕೀಳಾಗಿ ನೋಡುವ ಅಗತ್ಯ ಇಲ್ಲ. ಆದರೆ ‘ಇಳಿನೀರು’ ಮಾತ್ರ ನಿಮ್ಮ ಹೆಸರಿನಲ್ಲೇ ಉಳಿಯಲಿ.

ಅಡಿಕೆ_ಮತ್ತು_ಆಟ

ಈ ಗೇಮ್ ನಿಜವಾಗಿ ಇದ್ದಿದ್ದರೆ ನಾನು ಇವತ್ತೇ ಆಡುತ್ತಿದ್ದೆ. ಅಪ್ಪನಿಗೆ ವಿಮರ್ಶೆ ಓದಿ ಹೇಳಿದೆ. ಅವರ ಅತ್ತೆ ಮನೆಯೂ ಮುಳುಗಡೆಯಲ್ಲಿ ಹೋದದ್ದು. ಸ್ವಲ್ಪ ಹೊತ್ತು ಬಿಟ್ಟು, ಮನೆ ಹುಡುಕುವವರು ಹೊಸ್ತಿಲಲ್ಲ, ಮೊದಲು ಬಾವಿ ಹುಡುಕುತ್ತಾರೆ ಅಂತ ಹೇಳಿದರು. ಮಣ್ಣಿನ ಗೋಡೆ ಕರಗಿ ಹೋಗುತ್ತದೆ, ಬಾವಿಯ ಕಲ್ಲು ಕಟ್ಟು ಉಳಿಯುತ್ತದೆ ಅಂತೆ. ಬರೆದುಕೊಳ್ಳಿ.

ಹೊಸನಗರ_ಹುಡುಗ

ಬರೆದುಕೊಂಡೆ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಒಪ್ಪಿದರೆ ಒಂದು ದಿನ ಬಂದು ಕೂತು ಮಾತಾಡಿಸುತ್ತೇನೆ.

ಜೋಗದ_ತಂತಿ ಅವರೇ, ಸಣ್ಣ ಜಲಾಶಯ, ಒಂದೇ ಊರು, ಆ ದಾರಿಯನ್ನೇ ಆರಿಸಿಕೊಂಡೆ. ದಿನವೂ ಏರಿ ಇಳಿಯುವ ನೀರು ನನಗೆ ಬೇಕೇ ಬೇಕು. ಹಿರೇಭಾಸ್ಕರದ ವಿಷಯವನ್ನು ದೊಡ್ಡಮ್ಮನ ಬಾಯಲ್ಲಿ ಹೇಳಿಸುತ್ತೇನೆ. ಮುಳುಗಡೆ ಒಂದೇ ಸಲ ಆಗುವುದಿಲ್ಲ ಅಂತ ಗೊತ್ತಿರುವವಳು ಅವಳು. ಉಣುಗಿನ ತಿಂಗಳು, ಎಣ್ಣೆ, ಬಾವಿ ಮೂರೂ ಮೊದಲ ಅಧ್ಯಾಯಕ್ಕೇ ಬರುತ್ತವೆ. ತುಂಗಾ_ದಂಡೆ ಸರ್, ಆ ವಾಕ್ಯ ಕಿತ್ತಿದ್ದೇನೆ. ಮೊದಲ ಅಧ್ಯಾಯ ಮುಗಿದ ಮೇಲೆ ನಿಮ್ಮ ಹತ್ತಿರ ಓದಿಸಬಹುದಾ?

ತುಂಗಾ_ದಂಡೆ

ಕಳಿಸು. ಮೊಬೈಲಿನಲ್ಲಿ ಬೇಡ, ಪ್ರಿಂಟ್ ತೆಗೆದು ಕಳಿಸು. ಎಡಗಡೆ ಕೈಯಗಲ ಜಾಗ ಬಿಡು, ಸಾಲಿನ ನಡುವೆಯೂ ಬಿಡು. ನನ್ನ ಅಕ್ಷರ ದೊಡ್ಡದು.